ಹುಚ್ಚಾಸ್ಪತ್ರೆಯ ಆಯಾ ನಮಗೇಕೆ ಕೀಳು?

ನಮ್ಮ ಕಡೆ ಬೈಗುಳಕ್ಕೂ ಒಂದು ಊರಿದೆ. ಹುಡುಗ ಪಾಠದ ನಡುವೆ ಕಿಡಕಿಯ ಹೊರಗೆ ನೋಡಿ ನಕ್ಕರೆ, ಸೊಸೆ ಮರೆತು ಸಾರಿಗೆ ಎರಡು ಸಲ ಉಪ್ಪು ಹಾಕಿದರೆ, ಮುದುಕರೊಬ್ಬರು ಕಟ್ಟೆಯ ಮೇಲೆ ಕೂತು ತಮ್ಮಷ್ಟಕ್ಕೆ ಮಾತಾಡಿಕೊಂಡರೆ, "ಇವರ್ನ ಧಾರವಾಡಕ್ಕ ಕಳಸಬೇಕು" ಎಂದು ಥಟ್ಟನೆ ಬರುತ್ತದೆ ಬಾಯಿಗೆ. ಬೆಂಗಳೂರಿನವರು ಇದೇ ಮಾತನ್ನು ನಿಮ್ಹಾನ್ಸ್ ಹೆಸರಿನಲ್ಲಿ ಆಡುತ್ತಾರೆ. ಮರಾಠಿ ಮಾತಾಡುವ ನಮ್ಮ ಗಡಿಯಾಚೆಯ ಬೀಗರು ಯರವಡಾ ಅನ್ನುತ್ತಾರೆ. ಧಾರವಾಡದಲ್ಲಿ ಆ ಆಸ್ಪತ್ರೆ ಶುರುವಾದದ್ದು 1845ರಲ್ಲಿ, ಕಂಪನಿ ಸರ್ಕಾರದ ಕಾಲಕ್ಕೆ. ಅಂದಿನಿಂದ ಅದರ ಹೆಸರು ಎಷ್ಟು ಸಲ ಬದಲಾಯಿತು! ಈಗ ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಡಿಮ್ಹಾನ್ಸ್. ಬೋರ್ಡು ಬದಲಾಯಿತು, ಔಷಧ ಬದಲಾಯಿತು, ಕಾಯ್ದೆ ಬದಲಾಯಿತು. ನಮ್ಮ ಬಾಯಿ ಮಾತ್ರ ಬದಲಾಗಲಿಲ್ಲ.

ಈ ಬೈಗುಳದ ಬಗ್ಗೆ ಹಲವರು ಬರೆದಿದ್ದಾರೆ. ರೋಗಿಗಳನ್ನು ಹುಚ್ಚರೆನ್ನಬಾರದು ಎಂಬ ಮಾತು ಕಲಿತವರ ನಡುವೆ ಈಗ ಅಷ್ಟಿಷ್ಟು ನಡೆಯುತ್ತದೆ. ನನ್ನ ತಕರಾರು ಅದರ ಪಕ್ಕದ ಇನ್ನೊಂದು ವಿಷಯದ್ದು. ಆ ರೋಗಿಗಳ ಮೈ ತೊಳೆಸಿ, ತಲೆ ಬಾಚಿ, ಗುಳಿಗೆ ನುಂಗಿಸಿ, ರಾತ್ರಿಯೆಲ್ಲ ಕಣ್ಣಿಟ್ಟು ಕಾಯುವ ಹೆಂಗಸರು ಗಂಡಸರಿದ್ದಾರಲ್ಲ, ಆಯಾ ಎಂದೋ ವಾರ್ಡ್‌ಬಾಯ್ ಎಂದೋ ಅಟೆಂಡರ್ ಎಂದೋ ಕರೆಯುವೆವಲ್ಲ, ಅವರನ್ನು ನಾವು ಯಾವ ಲೆಕ್ಕಕ್ಕೆ ಇಟ್ಟಿದ್ದೇವೆ?

ನಾನು ಪಾಲಬಾವಿಯ ಕಡೆಯ ಶಾಲೆಯಲ್ಲಿ ಪಾಠ ಹೇಳುವವಳು. ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗಿ ಪಿಯುಸಿ ಮುಗಿಸಿ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಸೇರಿದಳು. ಯಾವ ಊರು, ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಮನೆಯಲ್ಲಿ ತಂದೆ ಇಲ್ಲ, ತಮ್ಮ ಇನ್ನೂ ಓದುತ್ತಿದ್ದ. ಅವಳ ಪಗಾರದಲ್ಲಿ ಮನೆ ನಡೆಯಿತು. ನಾಲ್ಕು ವರ್ಷದ ಮೇಲೆ ಅವಳಿಗೊಂದು ಸಂಬಂಧ ಬಂತು. ಹುಡುಗಿ ಒಪ್ಪಿಗೆಯಾಯಿತು, ಮಾತುಕತೆ ಮುಗಿಯಿತು, ಸೀರೆ ತರುವ ದಿನವೂ ಗೊತ್ತಾಯಿತು. ಆಮೇಲೆ ಗಂಡಿನ ತಾಯಿ ಹೇಳಿ ಕಳಿಸಿದರಂತೆ: "ದವಾಖಾನಿ ಅಂದಿದ್ರು, ಹುಚ್ಚರ ದವಾಖಾನಿ ಅನ್ನೂದು ಗೊತ್ತಿರಲಿಲ್ಲ. ಅಲ್ಲಿದ್ದಾಕಿ ತಲಿ ನೆಟ್ಟಗಿರತೈತೇನು?" ಸಂಬಂಧ ಮುರಿಯಿತು. ಅದೇ ಮನೆಯ ಹಿರಿಯ ಸೊಸೆ ಮಿರಜದಲ್ಲಿ ನರ್ಸ್. ಅವಳ ಬಗ್ಗೆ ಆ ತಾಯಿಗೆ ಹೆಮ್ಮೆ. ಹೊಟ್ಟೆ ಕೊಯ್ದವರ ಸೇವೆ ಮಾಡಿದರೆ ಪುಣ್ಯ, ಮನಸ್ಸು ನೊಂದವರ ಸೇವೆ ಮಾಡಿದರೆ ಅಂಟುರೋಗ! ಮನಸ್ಸಿನ ಕಾಯಿಲೆ ಮುಟ್ಟಿದರೆ ಅಂಟುವುದಿಲ್ಲ ಎಂಬುದು ಆ ತಾಯಿಗೆ ಗೊತ್ತಿಲ್ಲದಿರಬಹುದು. ಆದರೆ ಈ ಸುದ್ದಿಯನ್ನು ನನಗೆ ತಂದವರು ನನ್ನ ಜೊತೆ ಕೆಲಸ ಮಾಡುವ ಶಿಕ್ಷಕಿಯರು. ಅವರೂ ಕೊನೆಗೆ ಹೇಳಿದ್ದು ಒಂದೇ: "ಹುಡುಗಿ ಬೇರೆ ಕೆಲಸ ಹುಡುಕಬೇಕಿತ್ತು." ಹೀಗಿದೆ ನಮ್ಮ ವಿದ್ಯೆ.

ಹಾಗಾದರೆ ಆ ಕೆಲಸವೆಂದರೇನು? ಅವಳು ರಜೆಗೆ ಬಂದಾಗ ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ಬೆಳಗಿನ ಪಾಳಿಗೆ ಹೋದವಳು ಮೊದಲು ರಾತ್ರಿ ಪಾಳಿಯವಳ ಜೊತೆ ರೋಗಿಗಳ ತಲೆ ಎಣಿಸಬೇಕು. ಹಾಸಿಗೆ ಒದ್ದೆ ಮಾಡಿಕೊಂಡವರ ಬಟ್ಟೆ ಬದಲಿಸಬೇಕು. ಹಲ್ಲುಜ್ಜಿಸಬೇಕು, ಸ್ನಾನ ಮಾಡಿಸಬೇಕು, ಹೇನು ತೆಗೆಯಬೇಕು, ಉಗುರು ಕತ್ತರಿಸಬೇಕು. ತಿಂಗಳಿನ ದಿನಗಳಲ್ಲಿ ತನ್ನ ಅರಿವೇ ಇಲ್ಲದ ಹೆಣ್ಣುಮಕ್ಕಳ ಮಾನವನ್ನು ಅವಳೇ ಕಾಯಬೇಕು. ಕೊಟ್ಟ ಗುಳಿಗೆಯನ್ನು ಕೆಲವರು ನಾಲಿಗೆಯ ಕೆಳಗೆ ಅಡಗಿಸಿ ಆಮೇಲೆ ಉಗುಳುತ್ತಾರೆ. ಅದಕ್ಕೆ ಬಾಯಿ ತೆರೆಸಿ ನೋಡಬೇಕು, ಆದರೆ ಅವರಿಗೆ ಅವಮಾನವಾಗದ ಹಾಗೆ ನೋಡಬೇಕು. ಊಟಕ್ಕೆ ಕೊಟ್ಟ ಚಮಚ ಎಣಿಸಿ ವಾಪಸು ತೆಗೆದುಕೊಳ್ಳಬೇಕು. ಸಾಯಬೇಕೆಂದು ಬಂದವಳ ಕೈಬಳೆ, ಓಢಣಿ, ಪಿನ್ನು ಎಲ್ಲ ತೆಗೆದಿಟ್ಟು, ಅವಳು ಬಚ್ಚಲಿಗೆ ಹೋದರೆ ಬಾಗಿಲಲ್ಲಿ ನಿಂತು ಮಾತಾಡಿಸುತ್ತಿರಬೇಕು. ಕಲ್ಲಿನಂತೆ ಕೂತು ಅನ್ನ ನೀರು ಮುಟ್ಟದವರ ಪಕ್ಕ ತಾಸುಗಟ್ಟಲೆ ಕೂತು ಒಂದು ತುತ್ತು ಇಳಿಸಬೇಕು.

ಇಷ್ಟೇ ಆಗಿದ್ದರೆ ಮೈಮುರಿ ಕೆಲಸ ಎನ್ನಬಹುದಿತ್ತು. ಅದಕ್ಕಿಂತ ಮುಖ್ಯವಾದದ್ದು ಅವಳ ಕಣ್ಣಿನ ಕೆಲಸ. ಮನೋರೋಗದ ಕೆಲವು ಔಷಧಗಳಿಂದ ಒಮ್ಮೆಲೇ ಕುತ್ತಿಗೆ ತಿರುಚಿಕೊಳ್ಳುತ್ತದೆ, ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತದೆ, ಮೈ ಬಿಗಿಯುತ್ತದೆ. ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದು ಹೆಚ್ಚಾದರೆ ವಾಂತಿ, ಭೇದಿ, ನಡುಕ, ತೂರಾಡುವ ನಡಿಗೆ ಬರುತ್ತದೆ. ತಕ್ಷಣ ಕಾಣದೆ ಹೋದರೆ ಪ್ರಾಣಕ್ಕೆ ಕುತ್ತು. ಡಾಕ್ಟರು ವಾರ್ಡಿಗೆ ಬಂದು ಹೋಗುವುದು ದಿನಕ್ಕೆ ಸ್ವಲ್ಪ ಹೊತ್ತು. ನರ್ಸ್‌ಗೆ ಕಾಗದಪತ್ರ, ಇಂಜೆಕ್ಷನ್. ಹಾಗಾಗಿ ಇವನ್ನೆಲ್ಲ ಮೊದಲು ಕಾಣುವುದು ಆಯಾ. ಅವಳು ಹೋಗಿ "ಸಿಸ್ಟರ್, ಮೂರನೇ ಹಾಸಿಗೆಯಾಕಿ ನಡಿಗಿ ಇವತ್ತ ಬ್ಯಾರೆ ಐತ್ರಿ" ಎಂದರೆ ಒಂದು ಜೀವ ಉಳಿಯುತ್ತದೆ. ಅದು ಅವಳಿಗೆ ಗೊತ್ತಾಗದೆ ಹೋದರೆ? ಗೊತ್ತಾಗಬೇಕೆಂದು ನಾವು ಅವಳಿಗೆ ಕಲಿಸಿದ್ದೇವೆಯೇ?

ನಾನು ಬಿ.ಎಡ್. ಮಾಡಿದ ಕಾಲಕ್ಕೆ ಅದು ಒಂದು ವರ್ಷದ ಕೋರ್ಸು. ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ, ಅಂಜಿದ ಮಗುವನ್ನು ಹೇಗೆ ಮಾತಾಡಿಸಬೇಕು ಎಂದೆಲ್ಲ ಓದಿಸಿ, ಪಾಠ ಮಾಡಿಸಿ ನೋಡಿ, ಆಮೇಲೆ ನನ್ನನ್ನು ನಲವತ್ತು ಮಕ್ಕಳ ಮುಂದೆ ನಿಲ್ಲಿಸಿದರು. ಈಗ ಆ ಕೋರ್ಸು ಎರಡು ವರ್ಷದ್ದಾಗಿದೆ. ನನ್ನ ವಿದ್ಯಾರ್ಥಿನಿಗೆ ಸೇರಿದ ದಿನ ಸಿಕ್ಕದ್ದು ಒಂದು ಕೀಲಿಕೈ ಗೊಂಚಲು ಮತ್ತು ಒಂದು ಮಾತು: "ಜ್ವಾಕಿ." ತರಬೇತಿ ಅಷ್ಟೇ. ಮೈ ಕೈ ಗಟ್ಟಿ ಇದ್ದರೆ ಸಾಕು ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಬೇರುಬಿಟ್ಟಿದೆ. ಹುಚ್ಚರನ್ನು ಹಿಡಿಯಲು ಜಟ್ಟಿಗಳೇ ಬೇಕು ಎಂದು ಸಿನಿಮಾಗಳು ತೋರಿಸಿವೆ, ನಾವು ನಕ್ಕಿದ್ದೇವೆ. ಆ ಹುಡುಗಿಯನ್ನು ನಾನು ಒಮ್ಮೆ ಕೇಳಿದೆ, ಹೊಡೆಯದೆ ಆಗುತ್ತದೆಯೇ ಎಂದು. ಅವಳ ಉತ್ತರವನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ಹೊಡದ್ರ ಅವತ್ತ ಸುಮ್ಮನಾಗ್ತಾರ್ರಿ ಅಕ್ಕೋರ. ಮರುದಿನ ನಮ್ಮನ್ನ ನೋಡಿದ್ರ ಅಂಜತಾರ. ಅಂಜಿದವ್ರು ನಾವು ಕೊಟ್ಟ ಗುಳಗಿ ನುಂಗೂದಿಲ್ಲ." ದೊಡ್ಡ ಪುಸ್ತಕಗಳ ಸಾರ ಈ ಮೂರು ಮಾತಿನಲ್ಲಿದೆ.

ಇದೇ ಮಾತನ್ನು ಇನ್ನೂರು ವರ್ಷಗಳಿಗಿಂತ ಹಿಂದೆ ಪ್ಯಾರಿಸ್ಸಿನಲ್ಲಿ ಒಬ್ಬ ಮಾಡಿ ತೋರಿಸಿದ್ದ. ಮನೋರೋಗಿಗಳ ಸರಪಳಿ ಬಿಚ್ಚಿದವನು ಫಿಲಿಪ್ ಪಿನೆಲ್ ಎಂಬ ವೈದ್ಯ ಎಂದೇ ಬಹಳ ಕಾಲ ಓದಿಕೊಂಡು ಬಂದೆವು. ಆದರೆ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಆ ಸರಪಳಿ ತೆಗೆಸಿದವನು ಡಾಕ್ಟರನೇ ಅಲ್ಲ. ಅವನ ಹೆಸರು ಜ್ಯಾಂ ಬ್ಯಾಪ್ಟಿಸ್ಟ್ ಪ್ಯುಸ್ಯಾಂ. ಚರ್ಮ ಹದ ಮಾಡುವ ಕೆಲಸದವನು. ಗಂಡಮಾಲೆ ರೋಗಕ್ಕೆ ಅದೇ ಆಸ್ಪತ್ರೆಗೆ ಬಂದು, ಗುಣವಾಗಿ, ಅಲ್ಲಿಯೇ ಕೆಲಸಕ್ಕೆ ನಿಂತವನು. ರೋಗಿ ಹೊಡೆದರೂ ತಿರುಗಿ ಹೊಡೆಯಕೂಡದೆಂದು ತನ್ನ ಕೈಕೆಳಗಿನವರಿಗೆ ಕಟ್ಟಪ್ಪಣೆ ಮಾಡಿದ್ದ. ಗುಣವಾದ ರೋಗಿಗಳನ್ನೇ ಆರಿಸಿ ಆರೈಕೆಯ ಕೆಲಸಕ್ಕೆ ಇಟ್ಟುಕೊಂಡ, ಏಕೆಂದರೆ ಆ ನೋವು ಅವರಿಗೆ ಗೊತ್ತು. ಅವನ ಹೆಂಡತಿಯೂ ಅದೇ ಕೆಲಸದಲ್ಲಿ ಜೊತೆಗಿದ್ದಳು. ಪಿನೆಲ್ ದೊಡ್ಡ ಮನುಷ್ಯ, ಪ್ಯುಸ್ಯಾಂನಿಂದ ಕಲಿತದ್ದನ್ನು ತಾನೇ ಬರೆದಿಟ್ಟ, ಮುಂದೆ ಅವನನ್ನು ಸಾಲ್‌ಪೆತ್ರಿಯೇರ್ ಆಸ್ಪತ್ರೆಗೂ ಕರೆಸಿಕೊಂಡ. ಆದರೂ 1876ರಲ್ಲಿ ಚಿತ್ರಕಾರನೊಬ್ಬ ಸರಪಳಿ ಬಿಚ್ಚುವ ಪ್ರಸಿದ್ಧ ಚಿತ್ರ ಬರೆದಾಗ ನಾಯಕನಾಗಿ ನಿಂತದ್ದು ಡಾಕ್ಟರೇ. ನಮ್ಮಲ್ಲಾಗಿದ್ದರೆ ಪ್ಯುಸ್ಯಾಂನ ಜಾತಿ ಕೇಳಿ ಬಾಗಿಲ ಹೊರಗೇ ನಿಲ್ಲಿಸುತ್ತಿದ್ದೆವು. ನಕ್ಕು ಬಿಡಬೇಡಿ. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಹೇಲುಉಚ್ಚೆ ಬಳಿಯುವ ಕೆಲಸಕ್ಕೆ ಯಾವ ಕೇರಿಯಿಂದ ಜನ ಬರುತ್ತಾರೆ ಎಂದು ಕಣ್ಣು ತೆರೆದು ನೋಡಿದರೆ ಸಾಕು. ಕಾಯಕದ ನಾಡಿನವರು ನಾವು!

ಈಗ ನೀವು ಒಂದು ಪ್ರಶ್ನೆ ಕೇಳುತ್ತೀರಿ, ಕೇಳಲೇಬೇಕು. ರೋಗಿಗಳನ್ನು ಹೊಡೆಯುವವರು, ಅವರ ಊಟ ಕದಿಯುವವರು, ಹೆಣ್ಣುಮಕ್ಕಳ ಮೇಲೆ ಕೈ ಹಾಕುವವರು ಇದೇ ವಾರ್ಡಿನ ಕೆಲಸಗಾರರಲ್ಲವೇ? ಹೌದು, ಅಂಥವರಿದ್ದಾರೆ. ಅವರನ್ನು ಜೈಲಿಗೆ ಹಾಕಲಿ, ನನಗೇನೂ ಮರುಕವಿಲ್ಲ. ಆದರೆ ಅದು ಹೇಗೆ ನಡೆಯುತ್ತದೆಂದು ಯೋಚಿಸಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿಮ್ಹಾನ್ಸ್ ಜೊತೆ ಸೇರಿ ದೇಶದ 37 ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ 1999ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ಹಲವು ಇನ್ನೂ ಜೈಲಿನ ಕಟ್ಟಡದಂತೆಯೇ ಇದ್ದವು. ಜೈಲು ಕಟ್ಟಿ, ಕೈಗೆ ಕೀಲಿಕೈ ಕೊಟ್ಟು, ಏನನ್ನೂ ಕಲಿಸದೆ, ಕಡಿಮೆ ಜನರನ್ನು ಹೆಚ್ಚು ಹೊತ್ತು ದುಡಿಸಿದರೆ ಬರುವವನು ಜೈಲರನೇ. ಎರಡು ವರ್ಷದ ಆಮೇಲೆ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಎರವಾಡಿಯಲ್ಲಿ ಖಾಸಗಿ ಆಶ್ರಯವೊಂದರ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದ ರೋಗಿಗಳು ಓಡಲಾರದೆ ಬೆಂದುಹೋದರು. 28 ಜನ. ಸರಪಳಿ ಯಾಕೆ ಬೇಕಾಯಿತು? ಕಾಯಲು ಜನವಿಟ್ಟರೆ ಪಗಾರ ಕೊಡಬೇಕು, ಸರಪಳಿಗೆ ಪಗಾರ ಬೇಡ. ಲೆಕ್ಕ ಇಷ್ಟು ಸರಳ. ಎಲ್ಲಿ ಆರೈಕೆಯ ಕೈಗಳು ಕಡಿಮೆಯೋ ಅಲ್ಲಿ ಕಬ್ಬಿಣ ಬರುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ರೋಗಿಯ ತಲೆಯನ್ನು ಬಲವಂತವಾಗಿ ಬೋಳಿಸುವಂತಿಲ್ಲ, ಅವರು ತಮ್ಮದೇ ಬಟ್ಟೆ ಉಡಬಹುದು, ದುಡಿಸಿಕೊಂಡರೆ ಕೂಲಿ ಕೊಡಬೇಕು ಎನ್ನುತ್ತದೆ. ಕೈಕಾಲು ಕಟ್ಟಬೇಕಾದ ಸಂದರ್ಭ ಬಂದರೆ ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಒಪ್ಪಿಗೆಯಿಂದ, ಬರೆದಿಟ್ಟು ಮಾಡಬೇಕು. ಒಳ್ಳೆಯ ಕಾಯ್ದೆ. ಮನೋವೈದ್ಯರೆಂದರೆ ಯಾರು, ಮಾನಸಿಕ ಆರೋಗ್ಯದ ನರ್ಸ್ ಎಂದರೆ ಯಾರು, ಅವರು ಏನು ಓದಿರಬೇಕು ಎಂದು ಅದರಲ್ಲಿ ಒಂದೊಂದಾಗಿ ವಿವರಿಸಿದ್ದಾರೆ. ನಮ್ಮ ಆಯಾಗೆ ಅಂಥ ವಿವರಣೆಯ ಭಾಗ್ಯವಿಲ್ಲ. ಒಂದು ಕಡೆ ಮಾತ್ರ ಅವಳು ಇಣುಕುತ್ತಾಳೆ. ಹದಿನೆಂಟು ತುಂಬದ ಹುಡುಗಿ ದಾಖಲಾಗಿ, ಅವಳ ಪರವಾಗಿ ನಿಂತ ಮನೆಯವನು ಗಂಡಸಾಗಿದ್ದರೆ, ಅವಳ ಜೊತೆ ಪೂರ್ತಿ ದಿನ ಒಬ್ಬ ಮಹಿಳಾ ಸಹಾಯಕಿ ಇರಲೇಬೇಕು ಎನ್ನುತ್ತದೆ ಕಾಯ್ದೆ. ಹೆಂಗಸೊಬ್ಬಳು ಪಕ್ಕದಲ್ಲಿರಬೇಕು ಎಂಬುದು ಕಾನೂನು ಬರೆದವರಿಗೂ ಹೊಳೆದಿದೆ. ಅವಳಿಗೆ ಏನು ಗೊತ್ತಿರಬೇಕು ಎಂಬುದು ಹೊಳೆಯಲಿಲ್ಲ.

ಇನ್ನು ಪಗಾರದ ಮಾತು. ಹಿಂದೆ ಡಿ ದರ್ಜೆಯ ನೌಕರಿ ಎಂದು ಹೀಯಾಳಿಸಿದರೂ ಅದಕ್ಕೊಂದು ಪಿಂಚಣಿ ಇತ್ತು, ರಜೆ ಇತ್ತು. ಈಗ ಈ ಕೆಲಸ ಹೊರಗುತ್ತಿಗೆಗೆ ಹೋಗುತ್ತಿದೆ. ಯಾರು ಕಡಿಮೆ ದರ ಹಾಕುತ್ತಾರೋ ಅವರಿಗೆ ಟೆಂಡರು. ಟೆಂಡರು ಬದಲಾದಾಗ ಕೆಲಸದವರೂ ಬದಲಾಗುತ್ತಾರೆ. ಮೂರು ತಿಂಗಳು ಕೂತು ಒಬ್ಬ ರೋಗಿಯ ನಂಬಿಕೆ ಗಳಿಸಿದವಳು ನಾಲ್ಕನೇ ತಿಂಗಳು ಇರುವುದಿಲ್ಲ. ನೆಲ ಒರೆಸುವುದಕ್ಕೂ ಮನಸ್ಸು ಒರೆಸುವುದಕ್ಕೂ ಒಂದೇ ಟೆಂಡರು! ನನ್ನ ವಿದ್ಯಾರ್ಥಿನಿಯ ಗುತ್ತಿಗೆದಾರ ಪಗಾರವನ್ನು ಎರಡು ತಿಂಗಳು, ಮೂರು ತಿಂಗಳು ತಡೆಯುತ್ತಿದ್ದ. ರೋಗಿಯೊಬ್ಬಳು ಕಚ್ಚಿದ ಗಾಯಕ್ಕೆ ಇಂಜೆಕ್ಷನ್ ಹಾಕಿಸಿಕೊಂಡ ದಿನದ ಹಾಜರಿಯನ್ನೂ ಕಡಿದ. ಹೀಗೆ ನಡೆಸಿಕೊಂಡವಳಿಂದ ನಾವು ಮಾತೃಹೃದಯ ಬಯಸುತ್ತೇವೆ. ಈ ಮಾತೃಹೃದಯ ಎಂಬ ಶಬ್ದವೇ ಒಂದು ಮೋಸ. ಹೆಂಗಸಿನ ಕೆಲಸಕ್ಕೆ ದುಡ್ಡು ಕೊಡುವ ಮನಸ್ಸಿಲ್ಲದಾಗ ನಮ್ಮ ಸಮಾಜ ಅವಳನ್ನು ತಾಯಿ ಎಂದು ಕರೆಯುತ್ತದೆ.

ಸರ್ಕಾರಿ ಆಸ್ಪತ್ರೆಯನ್ನಾದರೂ ಪ್ರಶ್ನೆ ಕೇಳಬಹುದು. ಕುಡಿತ ಬಿಡಿಸುತ್ತೇವೆಂದು ಊರ ಹೊರಗೆ ಮನೆ ಬಾಡಿಗೆ ಹಿಡಿದು ಕೂತವರನ್ನು ಕೇಳುವವರಾರು? ನಮ್ಮದು ಕಬ್ಬಿನ ನಾಡು. ಬಿಲ್ಲು ಬಂದ ವಾರ ಯಾವ ಅಂಗಡಿಯ ಮುಂದೆ ಸಾಲು ಹೆಚ್ಚೆಂದು ಪ್ರತಿ ಹೆಂಡತಿಗೂ ಗೊತ್ತು. ಇದೇ ಸೀಮೆಯ ಹಿಪ್ಪರಗಿಯಲ್ಲಿ ಹುಟ್ಟಿದ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ತಿರುಗಿ, ಜೋಳಿಗೆ ಒಡ್ಡಿ, ದುಡ್ಡಿನ ಬದಲು ಜನರ ಚಟಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆಗೆ ಕೈಮುಗಿಯುತ್ತೇನೆ. ಆದರೆ ಬಹಳ ವರ್ಷ ಮಿತಿಮೀರಿ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡನೇ ಮೂರನೇ ದಿನ ಕೈಕಾಲು ನಡುಗಿ, ಇಲ್ಲದ ಹುಳುಹುಪ್ಪಟೆ ಕಂಡು ಕಿರಿಚಿ, ಫಿಟ್ಸ್ ಬಂದು ಸಾಯಲೂಬಹುದು. ಆ ಮೂರು ನಾಲ್ಕು ದಿನ ಅವನ ಪಕ್ಕ ಬೇಕಾದವರು ವೈದ್ಯರು ಮತ್ತು ತಿಳಿದ ಕಾವಲಿನವರು. ಎಷ್ಟೋ ಕೇಂದ್ರಗಳಲ್ಲಿ ಅಲ್ಲಿರುವುದು ಕೋಲು ಹಿಡಿದವನು. "ಎರಡು ಬಿಟ್ರ ಕುಡದದ್ದು ಇಳೀತದ" ಎಂದು ನಾವೇ ಹೇಳಿ ಗಂಡನನ್ನೋ ಮಗನನ್ನೋ ಒಪ್ಪಿಸಿ ಬರುತ್ತೇವೆ. ಆ ಕೋಲಿಗೆ ದುಡ್ಡು ಕಟ್ಟುವವರು ನಾವು. ದುಡ್ಡು ಕಟ್ಟುವಾಗ ಎರಡು ಪ್ರಶ್ನೆ ಕೇಳಿರಿ: ಈ ಕೇಂದ್ರಕ್ಕೆ ಪರವಾನಗಿ ಇದೆಯೇ? ರಾತ್ರಿ ಇಲ್ಲಿ ಯಾರಿರುತ್ತಾರೆ, ಅವರು ಏನು ಕಲಿತವರು?

ಇಷ್ಟೆಲ್ಲ ಓದಿ, ಇದು ಆಸ್ಪತ್ರೆಯ ವಿಷಯ, ನಮಗೇನು ಎನ್ನುವವರಿಗೆ ಕೊನೆಯ ಮಾತು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಜನರಿಗೆ ಆಗ ಒಂದಲ್ಲ ಒಂದು ಮನಸ್ಸಿನ ತೊಂದರೆಯಿತ್ತು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹಾಗಾದರೆ ಅವರನ್ನು ನೋಡಿಕೊಳ್ಳುತ್ತಿರುವವರು ಯಾರು? ಮನೆಯಲ್ಲಿರುವ ಹೆಂಗಸು. ಪಗಾರವಿಲ್ಲದ, ಪಾಳಿಯಿಲ್ಲದ, ರಜೆಯಿಲ್ಲದ ಆಯಾ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ಗಾದೆಯಿದೆ. ಗಾದೆ ಹೇಳಿ ನಗುತ್ತೇವೆ, ಆಮೇಲೆ ಅದನ್ನೇ ನಿಜ ಮಾಡುತ್ತೇವೆ. ಮಗನ ಕಾಯಿಲೆ ಮುಚ್ಚಿಟ್ಟು, ಬಡವರ ಮನೆಯ ಹುಡುಗಿಯನ್ನು ತಂದು, "ಮದುವಿ ಆದ್ರ ಸರಿ ಹೊಂದ್ತಾನ" ಎಂದು ಗಂಟು ಹಾಕುತ್ತೇವೆ. ಇದರ ಅರ್ಥವೇನು? ದುಡ್ಡಿಲ್ಲದೆ, ಒಪ್ಪಿಗೆಯಿಲ್ಲದೆ, ಜೀವಮಾನವಿಡೀ ದುಡಿಯುವ ಒಬ್ಬ ಆಯಾಳನ್ನು ಮಂತ್ರ ಹೇಳಿ ನೇಮಿಸಿಕೊಂಡಂತೆ. ಇನ್ನೊಂದು ಕಡೆ, ಅದೇ ಕೆಲಸವನ್ನು ಗೌರವದಿಂದ ಪಗಾರಕ್ಕೆ ಮಾಡುವ ಹುಡುಗಿಯ ಲಗ್ನ ಮುರಿಯುತ್ತೇವೆ. ಈ ಎರಡನ್ನೂ ಮಾಡುವವರು ಒಂದೇ ಓಣಿಯ ಜನ, ಕೆಲವು ಸಲ ಒಂದೇ ಮನೆಯವರು.

ಆದ್ದರಿಂದ ನನ್ನ ಬೇಡಿಕೆಗಳನ್ನು ಮೆತ್ತಗೆ ಹೇಳುವುದಿಲ್ಲ. ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಸೇರುವ ಮೊದಲು ತರಬೇತಿಯಾಗಬೇಕು, ಅದಕ್ಕೊಂದು ಸರ್ಟಿಫಿಕೇಟು ಇರಬೇಕು, ಆ ಸರ್ಟಿಫಿಕೇಟಿಗೆ ತಕ್ಕ ಪಗಾರವಿರಬೇಕು. ಈ ಕೆಲಸ ಹೊರಗುತ್ತಿಗೆಯಿಂದ ಹೊರಬರಬೇಕು. ಹೆಣ್ಣುಮಕ್ಕಳ ವಾರ್ಡಿನಲ್ಲಿ ರಾತ್ರಿ ಒಬ್ಬಳೇ ಆಯಾಳನ್ನು ಬಿಡಬಾರದು. ಅವಳಿಗೆ ಗಾಯವಾದರೆ ಚಿಕಿತ್ಸೆ, ಅವಳ ಮನಸ್ಸಿಗೆ ದಣಿವಾದರೆ ಮಾತಾಡಲು ಒಬ್ಬರು ಬೇಕು. ಹೊಡೆದವರಿಗೆ ಶಿಕ್ಷೆ, ಹೊಡೆಯದೆ ನಿಭಾಯಿಸಿದವರಿಗೆ ಬಡ್ತಿ. ವಾರ್ಡಿನ ವಿಷಯ ಚರ್ಚೆಗೆ ಬಂದಾಗ ಡಾಕ್ಟರ ಮೇಜಿನ ಸುತ್ತ ಅವಳಿಗೂ ಒಂದು ಕುರ್ಚಿ ಹಾಕಬೇಕು, ಏಕೆಂದರೆ ಆ ಮೇಜಿನ ಸುತ್ತ ರೋಗಿಯ ರಾತ್ರಿಯನ್ನು ಕಂಡವಳು ಅವಳೊಬ್ಬಳೇ.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ, ಕೇಳುತ್ತಾ ಇರೋಣ. ನಮ್ಮ ಕೈಯಲ್ಲಿರುವುದಕ್ಕೆ ಯಾರ ಆದೇಶವೂ ಬೇಡ. ಮನೆಯಲ್ಲಿ ಯಾರಾದರೂ ನಿದ್ದೆಗೆಟ್ಟು, ಮಾತು ಬಿಟ್ಟು ಕೂತರೆ 14416ಕ್ಕೆ ಫೋನು ಮಾಡಿರಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ 2022ರಿಂದ ಹಗಲು ರಾತ್ರಿ ಪುಕ್ಕಟೆಯಾಗಿ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ದೇವರಿಗೆ ಹರಕೆ ಹೊರುವವರು ಹೊರಲಿ, ಗುಳಿಗೆ ಮಾತ್ರ ತಪ್ಪಿಸುವುದು ಬೇಡ. ಮಕ್ಕಳ ಬಾಯಿಂದ "ಧಾರವಾಡಕ್ಕ ಕಳಸಬೇಕು" ಎಂಬ ಮಾತು ಬಂದಾಗ ನಗದೆ, ಅಲ್ಲಿ ಯಾರು ಯಾರ ಸೇವೆ ಮಾಡುತ್ತಾರೆಂದು ಹೇಳಿಕೊಡೋಣ. ಇನ್ನು, ಹುಡುಗಿ ಏನು ಕೆಲಸ ಮಾಡುತ್ತಾಳೆ ಎಂದು ಬೀಗರು ಕೇಳಿದರೆ ದನಿ ತಗ್ಗಿಸದೆ ಹೇಳಿರಿ: ಮನಸ್ಸಿನ ರೋಗಿಗಳ ಆಸ್ಪತ್ರೆಯಲ್ಲಿ ಇದ್ದಾಳೆ. ಅದನ್ನು ಕೇಳಿ ಮುಖ ತಿರುವುವ ಮನೆಗೆ ಹೆಣ್ಣು ಕೊಡುವ ಅವಸರ ನಮಗೇಕೆ?